ಬಾವುಟ ಆಮೇಲೆ, ಅಕ್ಕಿಮುಡಿ ಮೊದಲು

1342ರ ಸುಮಾರಿಗೆ ಪ್ರವಾಸಿ ಇಬ್ನ್ ಬತೂತನ ಹಡಗು ಬಾರಕೂರಿನ ಬಂದರಿನಲ್ಲಿ ಲಂಗರು ಹಾಕಿದಾಗ ಅಲ್ಲಿನ ದೊರೆ ತನ್ನ ಮಗನನ್ನೇ ಹಡಗಿಗೆ ಕಳಿಸಿಕೊಟ್ಟ. ಸ್ವಾಗತಕ್ಕಲ್ಲ, ಒತ್ತೆಗೆ. ಮಗ ಹಡಗಿನಲ್ಲಿ ಇರುವಷ್ಟು ಹೊತ್ತು ಬಂದವರಿಗೆ ದಡದಲ್ಲಿ ಭಯವಿಲ್ಲ. ಆ ಧೈರ್ಯದ ಮೇಲೆ ಪ್ರವಾಸಿಗಳು ಇಳಿದರು, ಮೂರು ರಾತ್ರಿ ಸತ್ಕಾರ ನಡೆಯಿತು. ಸತ್ಕಾರದ ಕಾರಣಗಳನ್ನು ಬತೂತ ಮುಚ್ಚಿಡುವುದಿಲ್ಲ. ಒಂದು, ದೆಹಲಿಯ ಸುಲ್ತಾನನ ಮೇಲಿನ ಗೌರವ; ಇನ್ನೊಂದು, ಹಡಗಿನವರ ಜೊತೆ ವ್ಯಾಪಾರ ಕುದುರಿದರೆ ಆಗುವ ಲಾಭ. ದೊರೆಯ ಬಳಿ ಮೂವತ್ತರಷ್ಟು ಯುದ್ಧದ ಹಡಗುಗಳಿದ್ದವು. ಅವುಗಳ ನಾಯಕ ಲೂಲಾ ಎಂಬ ಮುಸಲ್ಮಾನ, ಬತೂತನ ಪ್ರಕಾರ ವರ್ತಕರನ್ನು ದೋಚುವ ಕಡಲ್ಗಳ್ಳ. ಆ ದಾರಿಯಾಗಿ ಹಾಯುವ ಯಾವ ಹಡಗೇ ಆದರೂ ಬಂದರಿಗೆ ಬಂದು ಕಾಣಿಕೆ ಒಪ್ಪಿಸಬೇಕು. ಅದು ಬಂದರಿನ ಹಕ್ಕು. ತಪ್ಪಿಸಿಕೊಂಡು ಹೋದರೆ ಬೆನ್ನಟ್ಟಿ ಎಳೆದು ತಂದು ಎರಡು ಪಟ್ಟು ವಸೂಲಿ.

ಬತೂತ ಫಾಕನೂರ್ ಎಂದು ಬರೆದಿಟ್ಟ ಆ ಊರು ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಮೇಜಿನ ಸುತ್ತ ಕೂತು ಆಡುವ ಕಲ್ಪನಾಲೋಕದ ಆಟಕ್ಕೆ ಊರು ಕಟ್ಟಲು ಹೊರಟವರಿಗೆ ಈ ಒಂದು ಪುಟದಲ್ಲಿ ಬೇಕಾದ್ದೆಲ್ಲ ಇದೆ. ಮಗನನ್ನು ಒತ್ತೆಯಿಡುವ ದೊರೆ, ಅವನ ಸಂಬಳದಲ್ಲಿರುವ ಕಳ್ಳ, ದೂರದ ಸುಲ್ತಾನನ ಹೆಸರು ಹೇಳಿಕೊಂಡು ಬಚಾವಾಗುವ ಪ್ರಯಾಣಿಕ, ಎರಡು ಪಟ್ಟು ಸುಂಕಕ್ಕೆ ಹೆದರಿ ದಡಕ್ಕೆ ಬರುವ ವರ್ತಕ. ಯಾರೂ ಪೂರಾ ಒಳ್ಳೆಯವರಲ್ಲ, ಯಾರೂ ರಾಕ್ಷಸರಲ್ಲ, ಎಲ್ಲರಿಗೂ ಎಲ್ಲರೂ ಬೇಕು.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಿದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಗೇಮ್ ಮಾಸ್ಟರ್ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಸಂದೇಹ ಬಂದಲ್ಲಿ ದಾಳ ಹಾಕುತ್ತಾರೆ. ಲೋಕವನ್ನು ಅಂಗಡಿಯ ಪುಸ್ತಕದಿಂದ ತರಬಹುದು, ಸ್ವಂತವಾಗಿಯೂ ಕಟ್ಟಬಹುದು. ಬೆಂಗಳೂರು, ಮಣಿಪಾಲದ ಹಾಸ್ಟೆಲುಗಳಲ್ಲಿ ಈ ಆಟದ ರುಚಿ ಹತ್ತಿಸಿಕೊಂಡವರು ಸ್ವಂತ ಲೋಕ ಕಟ್ಟಲು ಕೂತಾಗ ಮೊದಲು ಎಡವುವುದು ಬಣಗಳ ಹತ್ತಿರ. ಹಾಳೆ ತೆಗೆದುಕೊಂಡು ಒಂದು ಬಾವುಟ ಬರೆಯುತ್ತಾರೆ, ಬಣ್ಣ ತುಂಬುತ್ತಾರೆ, ಕಪ್ಪು ಗಿಡುಗನ ಪಡೆಯೆಂದೋ ಬೆಳ್ಳಿ ಕತ್ತಿಯ ಸಂಘವೆಂದೋ ಹೆಸರಿಡುತ್ತಾರೆ. ಎರಡನೇ ವಾರಕ್ಕೆ ಆ ಪಡೆಯವರಿಗೆ ಕಾದಾಡುವುದು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಆವೃತ್ತಿ ಐದು ಬಣಗಳನ್ನು ಮುಂದಿಟ್ಟಿತು. ನನಗಂತೂ ಅವು ಸದಸ್ಯತ್ವದ ಚೀಟಿ ಕೊಡುವ ಕ್ಲಬ್ಬುಗಳ ಹಾಗೆಯೇ ಕಂಡವು. 1994ರ 'ಪ್ಲೇನ್‌ಸ್ಕೇಪ್' ಇದಕ್ಕಿಂತ ಮೇಲು. ಅದರ ಸಿಜಿಲ್ ನಗರದಲ್ಲಿ ಹದಿನೈದು ಬಣ, ಒಂದೊಂದಕ್ಕೆ ಒಂದೊಂದು ತತ್ತ್ವ, ಜೊತೆಗೆ ಊರು ನಡೆಸುವ ಒಂದೊಂದು ಕೆಲಸ: ನ್ಯಾಯಾಲಯ ಒಬ್ಬರದು, ಸೆರೆಮನೆ ಇನ್ನೊಬ್ಬರದು, ಹೆಣ ಸಾಗಿಸುವುದು ಮತ್ತೊಬ್ಬರದು. ಕೆಲಸ ಇದ್ದರೆ ಬಣಕ್ಕೆ ಜೀವ ಬರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಆದರೆ ಅದನ್ನು ತಿಳಿಯಲು ಸಿಜಿಲ್‌ವರೆಗೆ ಹೋಗಬೇಕಾಗಿಲ್ಲ. ಕುಂದಾಪುರದಿಂದ ಬಸ್ರೂರಿಗೆ ಹೋದರೆ ಸಾಕು.

ವಾರಾಹಿ ಹೊಳೆಯ ದಡದ ಬಸ್ರೂರನ್ನು ಪೋರ್ಚುಗೀಸರು ಬಾರ್ಸೆಲೋರ್ ಎಂದರು. ಒಂದಲ್ಲ, ಎರಡು ಬಾರ್ಸೆಲೋರ್. 1569ರಲ್ಲಿ ಅವರು ಹಿಡಿತ ಸಾಧಿಸಿ ಕೋಟೆ ಮಾಡಿಕೊಂಡದ್ದು ಕಡಲ ಬದಿಯ ಕೆಳಗಿನ ಬಾರ್ಸೆಲೋರ್‌ನಲ್ಲಿ. ಒಳನಾಡಿನ ಮೇಲಿನ ಬಾರ್ಸೆಲೋರ್ ಸೆಟ್ಟಿಗಳ ಪೇಟೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎರಡನ್ನೂ ಕಂಡು ಎರಡನ್ನೂ ಬೇರೆಬೇರೆಯಾಗಿಯೇ ಬರೆದ. ಕೆಳಗಿನದು ಪೋರ್ಚುಗೀಸರದು, ಮೇಲಿನದು ಕೆಳದಿಯ ವೆಂಕಟಪ್ಪ ನಾಯಕನ ಅಧೀನದ್ದು. ಕೋಟೆಯವರ ಕೈಯಲ್ಲಿ ಕಡಲಿತ್ತು. ಅವರು ಕೊಡುವ ಕಾರ್ತಾಜ್ ಎಂಬ ರಹದಾರಿ ಇಲ್ಲದೆ ಹೊರಟ ಹಡಗನ್ನು ಹಿಡಿಯುತ್ತಿದ್ದರು. ಪೇಟೆಯವರ ಕೈಯಲ್ಲಿ ಅಕ್ಕಿ ಇತ್ತು. ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದದ್ದು ಈ ಕರಾವಳಿಯ ಅಕ್ಕಿಯಿಂದ. ಹೊರ್ಮುಜ್, ಮಸ್ಕತ್‌ಗೂ ಇಲ್ಲಿಂದಲೇ ಹೋಗುತ್ತಿತ್ತು. ಕೋಟೆಯವರು ಪೇಟೆಯನ್ನು ಸುಟ್ಟರೆ ಗೋವೆಗೆ ಉಪವಾಸ. ಪೇಟೆಯವರು ಕೋಟೆಯ ಜೊತೆ ನೇರ ಜಗಳಕ್ಕಿಳಿದರೆ ಸರಕು ಅಳಿವೆ ದಾಟುವುದಿಲ್ಲ. 1650ರ ದಶಕದ ಆರಂಭದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಓಡಿಸುವವರೆಗೆ, ಅಂದರೆ ಎಂಬತ್ತು ವರ್ಷಕ್ಕೂ ಮೇಲೆ, ಒಂದೇ ಹೊಳೆಯ ಮೇಲೆ ಕೆಳಗೆ ಈ ಇಬ್ಬರೂ ಹಲ್ಲು ಕಚ್ಚಿಕೊಂಡು ವ್ಯಾಪಾರ ಮಾಡಿದರು.

ಆಟಕ್ಕೆ ಬೇಕಾದ್ದು ಈ ಎಂಬತ್ತು ವರ್ಷ. 1569 ಮತ್ತು 1650ರ ದಶಕದ ಯುದ್ಧಗಳು ಒಂದೊಂದು ಸಂಜೆಯಲ್ಲಿ ಮುಗಿಯುತ್ತವೆ. ನಡುವಿನ ಕಾಲ ಹಾಗಲ್ಲ. ಆಟಗಾರರು ಒಂದು ದೋಣಿ ಅಕ್ಕಿಯನ್ನು ಅಳಿವೆ ದಾಟಿಸಬೇಕು. ರಹದಾರಿ ಕೆಳಗಿನವರ ಹತ್ತಿರ, ಸರಕು ಮೇಲಿನವರ ಹತ್ತಿರ, ಕಂದಾಯ ಕೇಳುವವನು ಘಟ್ಟದ ಮೇಲೆ, ಹೊಳೆಯ ಹೂಳು ಎಲ್ಲೆಲ್ಲಿದೆ ಎಂದು ಬಲ್ಲವರು ದೋಣಿಯವರು. ಕತ್ತಿ ಹಿರಿದರೆ ನಾಲ್ವರಲ್ಲಿ ಒಬ್ಬರ ಬಾಗಿಲು ಮುಚ್ಚುತ್ತದೆ. ಹಿರಿಯದೆ ಇದ್ದರೆ ನಾಲ್ವರಿಗೂ ಏನಾದರೂ ಕೊಡಬೇಕು.

ಆದ್ದರಿಂದ ಬಾವುಟಕ್ಕೆ ಮೊದಲು ಅಕ್ಕಿಮುಡಿ ಬರೆಯಿರಿ ಎನ್ನುತ್ತೇನೆ. ಮುಡಿ ಎಂದರೆ ಬೈಹುಲ್ಲು ಹರವಿ, ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದ ಗುಂಡನೆಯ ಕಟ್ಟು. ಕಟ್ಟುವವನು ಕೈಯಲ್ಲಿ ಹಗ್ಗ ಎಳೆದು, ಸುತ್ತು ಸಡಿಲ ಕಂಡಲ್ಲಿ ಬಡಿದು ಕೂರಿಸುತ್ತಾ ಹೋಗುತ್ತಾನೆ. ಚೆನ್ನಾಗಿ ಕಟ್ಟಿದ ಮುಡಿಯೊಳಗೆ ಮಳೆಗಾಲದ ಥಂಡಿಗೂ ಅಕ್ಕಿ ಕೆಡುವುದಿಲ್ಲ. ಗೇಣಿಯನ್ನು ಮುಡಿ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಒಡೆಯ, ಒಕ್ಕಲು ಎಂಬ ಎರಡು ಬಣಗಳ ನಡುವಿನ ಎಲ್ಲ ಮಾತುಕತೆ ಈ ಹುಲ್ಲಿನ ಕಟ್ಟಿನ ಸುತ್ತ ನಡೆಯುತ್ತಿತ್ತು. ಅಳತೆಯ ಸೇರು ಯಾರದ್ದು, ಜಳ್ಳು ಎಷ್ಟು, ಬೆಳೆ ಹೋದ ವರ್ಷ ರಿಯಾಯಿತಿ ಉಂಟೋ ಇಲ್ಲವೋ. ಮೇಜಿನ ಮೇಲೆ ಡ್ರಾಗನ್ನು ಹುಟ್ಟಿದ 1974ರಲ್ಲೇ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಗೇಣಿಯ ಲೆಕ್ಕ ಮುಗಿಯಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಲೋಕ ಕಟ್ಟುವವರು ಇದನ್ನು ನೆನಪಿಡಬಹುದು. ಒಂದು ಕಾನೂನಿನಿಂದ ಎರಡು ಬಣಗಳ ಹಳೆಯ ಸಂಬಂಧ ಒಂದೇ ವರ್ಷದಲ್ಲಿ ಬದಲಾಗಬಹುದು, ಯಾರೂ ಕತ್ತಿ ಎತ್ತದೆ.

ಬಣದ ಚೀಟಿಯಲ್ಲಿ ನಾನು ಬರೆಯಿಸುವುದು ಇಷ್ಟು: ಇವರ ಕೈಯಲ್ಲಿ ಏನಿದೆ, ಯಾವುದಿಲ್ಲದೆ ಇವರಿಗೆ ಒಂದು ಮಳೆಗಾಲ ಕಳೆಯದು, ಯಾರಿಗೆ ಸಾಲಗಾರರು, ಯಾರಿಗೆ ಮಾತು ಕೊಟ್ಟಿದ್ದಾರೆ. ಶತ್ರು ಯಾರು ಎಂಬ ಸಾಲು ಬೇಡ. ಮೇಲಿನ ನಾಲ್ಕು ಸರಿಯಾಗಿದ್ದರೆ ಶತ್ರುಗಳು ತಾವಾಗಿ ಬರುತ್ತಾರೆ.

ಇನ್ನು ಬಣದ ಒಳಗಿನ ಮಾತು. ಹೊರಗಿನಿಂದ ನೋಡುವವರಿಗೆ 'ಬಸ್ರೂರಿನ ಸೆಟ್ಟಿಗಳು' ಎಂದರೆ ಒಂದೇ ಗುಂಪು. ಶಾಸನಗಳಲ್ಲಿ ಹಾಗಿಲ್ಲ. ಬಾರಕೂರನ್ನೇ ನೋಡಿ, ಅದು ಹತ್ತು ಕೇರಿಗಳ ಊರು. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಎಂದು ಹೆಸರುಗಳು ಬರುತ್ತವೆ. ಕೇರಿಯ ವ್ಯವಹಾರ ನೋಡಿಕೊಳ್ಳುವವರು 'ಹಲರು'. ದೇವಸ್ಥಾನಕ್ಕೆ ಬಿಟ್ಟ ದತ್ತಿಗೆ ಹೊಣೆ ನಿಲ್ಲುವವರು, ಮಾತು ಮುರಿದವರನ್ನು ಕೇಳುವವರು ಅವರು. ಅದರ ಮೇಲೆ ಸೆಟ್ಟಿಕಾರರು, ನಖರರು, ಹಂಜಮಾನದವರು ಎಂದು ವರ್ತಕರ ಕೂಟಗಳು. ಹಂಜಮಾನ ಹೆಚ್ಚಾಗಿ ಕಡಲಾಚೆಯಿಂದ ಬಂದು ನೆಲೆನಿಂತ ವರ್ತಕರದು. ಹೀಗಾಗಿ ಒಬ್ಬನೇ ವ್ಯಾಪಾರಿ ತನ್ನ ಕೇರಿಯ ಹಲರಲ್ಲೂ ಇರಬಹುದು, ತನ್ನ ಕೂಟದಲ್ಲೂ ಇರಬಹುದು, ಎರಡೂ ಒಂದೇ ದಿನ ಬೇರೆಬೇರೆ ತೀರ್ಮಾನ ಮಾಡಬಹುದು. ಆಟದಲ್ಲಿ ಒಬ್ಬ ಪಾತ್ರಧಾರಿಯನ್ನು ಎರಡು ಬಣಗಳಿಗೆ ಸೇರಿಸಿ ನೋಡಿ. ಗೇಮ್ ಮಾಸ್ಟರ್ ಬಾಯಿ ತೆರೆಯುವ ಮೊದಲೇ ಕಥೆ ಶುರುವಾಗಿರುತ್ತದೆ.

ಬಣ ಒಡೆಯುವುದಕ್ಕೂ ಹತ್ತಿರದಲ್ಲೇ ನಿದರ್ಶನವಿದೆ. ಬ್ರಹ್ಮಾವರದ ಆರ್ಥೊಡಾಕ್ಸ್ ಕ್ರೈಸ್ತ ಸಮುದಾಯ 19ನೇ ಶತಮಾನದ ಕೊನೆಯಲ್ಲಿ ಕ್ಯಾಥೊಲಿಕ್ ಸಭೆಯಿಂದ ಬೇರೆಯಾಯಿತು. ಜಗಳದ ಮೂಲ ದೇವರ ಬಗ್ಗೆ ಅಲ್ಲ. ಇಲ್ಲಿನ ಇಗರ್ಜಿಗಳು ಪೋರ್ಚುಗೀಸ್ ದೊರೆಯ ಪೋಷಣೆಯ ಗೋವೆಯ ಧರ್ಮಾಧಿಕಾರಕ್ಕೆ ಸೇರಬೇಕೋ, ರೋಮ್ ನೇರವಾಗಿ ನಡೆಸುವ ಪ್ರೊಪಗಾಂಡಾ ಆಡಳಿತಕ್ಕೋ ಎಂಬ ಅಧಿಕಾರವ್ಯಾಪ್ತಿಯ ಪ್ರಶ್ನೆ ಅದು. ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೇರಳದ ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದರು. ಬ್ರಹ್ಮಾವರದವರನ್ನು ಪಾದ್ರಿ ನೊರೊನ್ಹಾ ಮುನ್ನಡೆಸಿದರು. ಸಮುದಾಯ ಈಗಲೂ ಇದೆ, ಪೂಜಾವಿಧಿ ಅಂತಿಯೋಕದ ಪರಂಪರೆಯದು, ಪ್ರಾರ್ಥನೆಯ ಭಾಷೆ ಕೊಂಕಣಿ. ಕಲ್ಪನಾಲೋಕದ ಪುಸ್ತಕಗಳಲ್ಲಿ ಬಣ ಒಡೆದರೆ ಅದಕ್ಕೆ ಯಾರೋ ಮಾಡಿದ ದ್ರೋಹವೋ, ಶಪಿತ ಕಿರೀಟವೋ ಕಾರಣವಾಗಿರುತ್ತದೆ. ಊರಿನಲ್ಲಿ ಒಡೆಯುವುದು ಕಾಗದ ಯಾರಿಗೆ ಹೋಗಬೇಕು, ಸಹಿ ಯಾರು ಹಾಕಬೇಕು ಎಂಬಲ್ಲಿ. ಎರಡನೆಯದೇ ನನಗೆ ಹೆಚ್ಚು ರೋಚಕ.

ಕಾಲವೂ ಬಣಗಳನ್ನು ಬೇರ್ಪಡಿಸುತ್ತದೆ. ಇದು ಗಂಗೊಳ್ಳಿ, ಮರವಂತೆ, ಶಿರೂರಿನವರಿಗೆ ಹೇಳಿಕೊಡಬೇಕಾದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟುಗಳು ದಕ್ಕೆಯಲ್ಲಿ ಕಟ್ಟಿರುವಾಗ ನಾಡದೋಣಿಯವರಿಗೆ ಸುಗ್ಗಿ, ಕಡಲು ಒಪ್ಪಿದರೆ. ಆಗಸ್ಟ್ ಬಂದರೆ ಲೆಕ್ಕ ತಿರುಗುತ್ತದೆ. ಬೆಳಕು ಹಾಯಿಸಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು; ನಾಡದೋಣಿಯವರ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಊರು, ಎಷ್ಟೋ ಕಡೆ ಒಂದೇ ಮನೆ. ಅಣ್ಣ ಪರ್ಸೀನ್ ಬೋಟಿನಲ್ಲಿ, ತಮ್ಮ ನಾಡದೋಣಿಯಲ್ಲಿ. ನಿಮ್ಮ ಲೋಕದ ಬಣಗಳಿಗೆ ಬಲದ ಅಂಕ ಕೊಡುವಾಗ ವರ್ಷಪೂರ್ತಿ ಒಂದೇ ಅಂಕ ಕೊಡಬೇಡಿ. ಮಳೆಗಾಲದಲ್ಲಿ ಯಾರು ಗಟ್ಟಿ, ಬೇಸಗೆಯಲ್ಲಿ ಯಾರು ಗಟ್ಟಿ ಎಂದು ಬೇರೆ ಬರೆಯಿರಿ. ಘಟ್ಟದ ಮೇಲಿನ ನಾಯಕನ ಸೈನ್ಯ ಆಸಾಡಿ ತಿಂಗಳಲ್ಲಿ ಹೊಸಂಗಡಿಯ ಇಳಿಜಾರಿನಲ್ಲಿ ಏನು ಮಾಡೀತು?

ಎಲ್ಲ ಬಣಗಳ ಅಂಗಳಕ್ಕೂ ಹೋಗಬಲ್ಲ ಒಂದು ಬಣ ಇರಲಿ. ನಮ್ಮಲ್ಲಿ ಅದು ಯಕ್ಷಗಾನದ ಮೇಳ. ಮಂದಾರ್ತಿ, ಮಾರಣಕಟ್ಟೆಯ ಮೇಳಗಳಿಗೆ ಹರಕೆಯಾಟ ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಸರದಿ ಬಂದ ದಿನ ಮೇಳ ಆ ಅಂಗಳಕ್ಕೆ ಹೋಗಲೇಬೇಕು, ಆಟ ಆಡಿಸುವವನಿಗೂ ನೆರೆಯವನಿಗೂ ಮಾತಿಲ್ಲದಿದ್ದರೂ. ಕಲ್ಪನಾಲೋಕದಲ್ಲಿ ಇಂಥ ಒಂದು ತಿರುಗಾಟದ ತಂಡವಿದ್ದರೆ ಸುದ್ದಿ, ಗುಟ್ಟು, ಓಡಿಹೋದ ಒತ್ತೆಯ ಮಗ, ಎಲ್ಲ ಅದರ ಪೆಟ್ಟಿಗೆಯೊಳಗೆ ಸಾಗುತ್ತವೆ. ತಂಡದ ಮೇಲೆ ಕೈಮಾಡಿದವನ ಮುಖ ಯಾರೂ ನೋಡುವುದಿಲ್ಲ ಎಂಬ ಒಂದು ನಿಯಮ ಹಾಕಿದರೆ ಸಾಕು.

ಯಕ್ಷಗಾನದ ಮಾತು ಬಂತಲ್ಲ, ಈ ಆಟಕ್ಕೆ ನಮ್ಮಲ್ಲಿರುವ ಹತ್ತಿರದ ನೆಂಟ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕೂತ ಅರ್ಥಧಾರಿಗಳು, ಪದ್ಯ ಹೇಳಿ ಕಥೆಯನ್ನು ಹಿಡಿತದಲ್ಲಿಡುವ ಭಾಗವತ, ಬರೆದುಕೊಡದ ಮಾತು. ಭಾಗವತನೇ ಮೊದಲನೇ ವೇಷ ಎನ್ನುತ್ತಾರೆ. ಗೇಮ್ ಮಾಸ್ಟರನ ಕೆಲಸವನ್ನು ಇಷ್ಟು ಚಿಕ್ಕದಾಗಿ ಯಾವ ಕೈಪಿಡಿಯೂ ಹೇಳಿಲ್ಲ. ಮಲ್ಪೆ ರಾಮದಾಸ ಸಾಮಗರು, ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ಕಲೆ ಇದು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥ ಹೇಳುವವನು ಐದು ಊರನ್ನೂ ಏಕೆ ಕೊಡಬಾರದು ಎಂದು ವಾದಿಸುವಾಗ, ಕೇಳುವವರು ಒಂದು ಗಳಿಗೆ 'ಹೌದಲ್ಲ' ಎನ್ನಬೇಕು. ಅನ್ನದಿದ್ದರೆ ಆ ಕೌರವ ಸೋತ, ಅವನ ಜೊತೆ ಕೃಷ್ಣನೂ ಸೋತ.

ಬಣ ಗಟ್ಟಿಯಾಗಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಹಾಳೆ ಮಡಚಿಟ್ಟು, ಆ ಬಣದ ಪರವಾಗಿ ಹತ್ತು ನಿಮಿಷ ಅರ್ಥ ಹೇಳಿ. ಬಾರಕೂರಿನ ಲೂಲಾನನ್ನೇ ತೆಗೆದುಕೊಳ್ಳಿ. ವರ್ತಕನಾದವನು, "ಹ್ವಾಯ್, ನಾವ್ ನಮ್ಮಷ್ಟಕ್ ಹೋಪೋರ್, ನಿಮ್ಗ್ ಎಂತಕ್ ಸುಂಕ ಕೊಡ್ಕ್?" ಎಂದು ಕೇಳುತ್ತಾನೆ. ಲೂಲಾ ಹೇಳಬಹುದು: ನನ್ನ ಮೂವತ್ತು ಹಡಗು ಇಲ್ಲದಿದ್ದರೆ ಈ ಕಡಲಿನಲ್ಲಿ ನಿನ್ನನ್ನು ದೋಚುವವರು ಮೂವತ್ತು ಮಂದಿ ಇರುತ್ತಿದ್ದರು, ನಾನೊಬ್ಬನೇ ದೋಚುತ್ತಿದ್ದೇನೆ, ಅದೂ ರಸೀದಿ ಕೊಟ್ಟು. ಇದು ಬತೂತ ಬರೆದದ್ದಲ್ಲ, ನಾನು ಹೇಳಿಸಿದ್ದು. ಆದರೆ ಇಂಥ ಒಂದು ಉತ್ತರ ಹೊಳೆದ ಮೇಲೆ ಲೂಲಾ ಬರಿಯ ಖಳನಾಗಿ ಉಳಿಯುವುದಿಲ್ಲ. 'ನಾವು ಕೆಟ್ಟವರು, ಲೋಕ ಹಾಳುಮಾಡುತ್ತೇವೆ' ಎಂಬುದು ಬಿಟ್ಟು ಬೇರೆ ಅರ್ಥ ಹೊರಡದ ಬಣವನ್ನು ಹರಿದು ಹಾಕಿ.

ಎರಡು ಕಡೆ ಎಚ್ಚರ ಬೇಕು. ನಮ್ಮೂರಿನಲ್ಲಿ ಬಣ ಬರೆಯಲು ಕೂತರೆ ಎರಡೇ ನಿಮಿಷದಲ್ಲಿ ಕೈ ಜಾತಿಯ ಕಡೆ ಹೋಗುತ್ತದೆ. ಕೆಲಸ, ದೇವರು, ಊಟ, ಮಾತಿನ ರಾಗ ಎಲ್ಲವೂ ಸಿದ್ಧವಾಗಿ ಸಿಗುತ್ತವೆ. ಅದು ಸೋಮಾರಿತನ. ಹುಟ್ಟಿನಿಂದ ಬಂದದ್ದನ್ನು ಬಣ ಮಾಡಿದರೆ ಆಟಗಾರ ಅದನ್ನು ಆರಿಸಿಕೊಳ್ಳುವಂತಿಲ್ಲ, ಬಿಡುವಂತಿಲ್ಲ, ಮೋಸ ಮಾಡುವಂತಿಲ್ಲ. ಮೇಲಾಗಿ ಮೇಜಿನ ಸುತ್ತ ಕೂತ ಯಾರೋ ಒಬ್ಬರಿಗೆ ಅದು ಆಟವಾಗಿ ಉಳಿಯುವುದಿಲ್ಲ. ಇನ್ನೊಂದು ದೈವಗಳ ವಿಷಯ. ಬೊಬ್ಬರ್ಯನನ್ನೋ ಪಂಜುರ್ಲಿಯನ್ನೋ ತಂದು ಅಂಕ ಹಾಕಿ ಶಕ್ತಿ ಬರೆಯಬೇಡಿ. ಜನ ಈಗಲೂ ಕೈಮುಗಿಯುವ ಸತ್ಯಗಳವು. 2022ರಲ್ಲಿ 'ಕಾಂತಾರ' ಬಂದಾಗ ಚಿತ್ರಮಂದಿರದ ಹೊರಗೆ ದೈವದ ಅನುಕರಣೆ ಮಾಡಿದವರ ಬಗ್ಗೆ ಎಷ್ಟು ಬೇಸರ ವ್ಯಕ್ತವಾಯಿತೆಂಬುದು ನೆನಪಿರಲಿ. ಕೆರಾಡಿಯ ರಿಷಬ್ ಶೆಟ್ಟಿಯವರ ಆ ಚಿತ್ರದಿಂದ ಎತ್ತಿಕೊಳ್ಳಬೇಕಾದ್ದು ಬೇರೆ: ಒಂದೇ ನೆಲದ ಮೇಲೆ ಊರವರದು ಒಂದು ಹಕ್ಕು, ಒಡೆಯನ ಮನೆತನದ್ದು ಒಂದು, ಅರಣ್ಯ ಇಲಾಖೆಯದ್ದು ಇನ್ನೊಂದು. ಮೂರಕ್ಕೂ ಮೂರು ಬಗೆಯ ದಾಖಲೆ. ಹೊರಗಿನಿಂದ ಬಂದ ಅಧಿಕಾರಿ ಶತ್ರುವಿನಂತೆ ಕಾಣುತ್ತಾನೆ, ನಗುನಗುತ್ತಾ ಮಾತಾಡಿಸುವವನು ಅಂಗಳದಲ್ಲೇ ಇರುತ್ತಾನೆ. ಪರದೇಶದ ಪ್ರಕಾಶಕರೂ ಈಗ ಇತ್ತ ಕಣ್ಣು ತೆರೆದಿದ್ದಾರೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2022ರ ಒಂದು ಸಂಕಲನದಲ್ಲಿ ಕೋಲ್ಕತ್ತಾ ಮೂಲದ ಲೇಖಕಿ ಮಿಮಿ ಮೊಂಡಲ್ ಬಂಗಾಳದ ನೆನಪಿನಿಂದ 'ಶಂಖಭೂಮಿ' ಎಂಬ ನಾಡನ್ನು ಕಟ್ಟಿದರು. ಕನ್ನಡ ಕರಾವಳಿಗೆ ಆ ಕೆಲಸ ಇನ್ನೂ ಬಾಕಿ.

ಆಡಿಸುವ ತಂತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜಾನ್ ಹಾರ್ಪರ್ ಅವರ 'ಬ್ಲೇಡ್ಸ್ ಇನ್ ದ ಡಾರ್ಕ್' (2017) ಪ್ರತಿ ಬಣಕ್ಕೂ ಒಂದು ಗಡಿಯಾರ ಕೊಡುತ್ತದೆ: ನಾಲ್ಕೋ ಆರೋ ಎಂಟೋ ಮನೆಯ ಒಂದು ಚಕ್ರ, ಬಣದ ಕೆಲಸ ಮುಂದುವರಿದಂತೆ ಒಂದೊಂದು ಮನೆ ತುಂಬುತ್ತಾ ಹೋಗುವುದು. ಆಟಗಾರರು ಅತ್ತ ಸುಳಿಯದಿದ್ದರೂ ಬಣ ಸುಮ್ಮನೆ ಕೂರುವುದಿಲ್ಲ. ಈ ಒಂದು ವಿಧಾನ ಕಲಿತರೆ ಉಳಿದ ನಿಯಮಗಳನ್ನು ಮರೆಯಬಹುದು. ಇಪ್ಪತ್ತು ಮುಖದ ದಾಳಕ್ಕೆ ಆನ್‌ಲೈನ್‌ನಲ್ಲಿ ಕಾಯುವುದೂ ಬೇಡ. ಚೌಕಾಬಾರದ ನಾಲ್ಕು ಕವಡೆ ಸಾಕು. ವಾರಕ್ಕೊಮ್ಮೆ ಪ್ರತಿ ಬಣಕ್ಕೆ ಕವಡೆ ಹಾಕಿ; ಅಂಗಾತ ಬಿದ್ದಷ್ಟು ಮನೆ ಮುಂದೆ. ನಾಲ್ಕೂ ಕವುಚಿ ಬಾರ ಬಿದ್ದರೆ ಎಂಟು, ಅಂದರೆ ಯಾರೂ ಎಣಿಸದ್ದು ಆ ವಾರವೇ ನಡೆದುಹೋಗುತ್ತದೆ. 1665ರ ಫೆಬ್ರವರಿಯಲ್ಲಿ ಬಸ್ರೂರಿಗೆ ಬಿದ್ದದ್ದು ಅಂಥ ಬಾರ. ಶಿವಪ್ಪ ನಾಯಕ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ಶಿವಾಜಿಯ ಹಡಗುಪಡೆ ಮಾಲವಣದಿಂದ ಬಂದು ಪೇಟೆಯನ್ನು ಸೂರೆ ಮಾಡಿ ಗೋಕರ್ಣದ ಕಡೆ ಹೋಯಿತು.

ಶುರು ಮಾಡುವವರು ಭೂಪಟಕ್ಕೆ ತಿಂಗಳುಗಟ್ಟಲೆ ಕೂರಬೇಡಿ. ಪಂಚಗಂಗಾವಳಿಯ ಹಾಗೆ ಹೊಳೆಗಳು ಕೂಡುವ ಒಂದು ಅಳಿವೆ ಬರೆಯಿರಿ, ಅದಕ್ಕೆ ಒಂದು ಬಂದರು, ಆ ಬಂದರಿನಲ್ಲಿ ಹೊರಡಲು ಕಾದಿರುವ ಒಂದು ದೋಣಿ ಅಕ್ಕಿ. ಮೊದಲ ಸಂಜೆಗೆ ಮೂರು ಬಣ ಸಾಕು. ನಾಲ್ಕನೆಯದನ್ನು ಆಟಗಾರರೇ ಹುಟ್ಟಿಸುತ್ತಾರೆ, ಅದಕ್ಕೆ ಹೆಸರನ್ನೂ ಬಾವುಟವನ್ನೂ ಇಡುವ ಕೆಲಸ ಅವರಿಗೇ ಬಿಡಿ.